ತಪ್ಪು ಬಾಗಿಲು

ಫ್ಯಾರೋ ನಕ್ಷೆಯ ಮೇಲೆ ನಮ್ಮ ದ್ವೀಪ
ಅಂಗಿಯಿಂದ ಉದುರಿದ ಗುಂಡಿಯಷ್ಟು.
ಮನೆಗಳು ಮೂವತ್ತೊಂದು, ಮಾಡಿನ ಮೇಲೆ ಹುಲ್ಲು,
ಹುಲ್ಲಿನ ಮೇಲೆ ಒಮ್ಮೊಮ್ಮೆ ಯಾರದೋ ಕುರಿ.
ಟಪಾಲು ಹಂಚಲು ಹಾನುಸ್ ಒಬ್ಬನೇ.

ಅವನ ಕಣ್ಣು ನಟ್ಟನಡುವಿನಿಂದ ಸವೆಯುತ್ತಿತ್ತು,
ಕಂಬಳಿಗೆ ನುಸಿ ಹೊಕ್ಕ ಹಾಗೆ.
ಅಂಚಿನಲ್ಲಿ ಕಡಲು, ಅಂಚಿನಲ್ಲಿ ಬೇಲಿ,
ನೇರ ನೋಡಿದ್ದಷ್ಟೂ ಮಾಯ.
ಇದು ಆಮೇಲೆ ತಿಳಿದದ್ದು.
ಆಗ ನಮಗೆ ಕಂಡದ್ದು ಇಷ್ಟು:
ಮಾತಾಡಿಸಿದರೆ ಹಾನುಸ್ ಮುಖ ತಿರುಗಿಸುತ್ತಾನೆ.
ಸೊಕ್ಕು, ಅಂದೆವು.

ನನಗೆ ಹದಿಮೂರು. ಏರುದಾರಿಯಲ್ಲಿ ಕೇಳಿದೆ:
ಚೀಲ ನಾನು ಹೊರಲೇ, ಹೆಸರು ನಾನು ಓದಲೇ?
‘ನಿನಗ್ಯಾಕೆ ಊರ ಉಸಾಬರಿ?
ಸರಕಾರದ ಚೀಲ, ಮುಟ್ಟಿದರೆ ಜೈಲು.’
ಇಂಜಿನ್ ರಿಪೇರಿಯ ಬಾರ್ದುರ್ ಒಂದು ಸಂಜೆ
ತೋರ್ಶಾವ್ನ್‌ನ ಕಣ್ಣಿನ ಡಾಕ್ಟರ ಹೆಸರೆತ್ತಿದ;
ಎರಡು ಚಳಿಗಾಲ ಅವರಿಬ್ಬರಿಗೂ ಮಾತಿಲ್ಲ.
ಅಕ್ಕ ಮಾಲನ್ ಭೂತಗನ್ನಡಿ ತಂದುಕೊಟ್ಟಳು.
ಲಕೋಟೆಯಲ್ಲಿಟ್ಟು ಅವಳಿಗೇ ವಾಪಸ್ಸು ಕಳಿಸಿದ.
ಅದನ್ನೂ ಬೇರೆಯವರ ಮನೆಗೆ ಹಾಕಿದ.

ಹೀಗಾಗಿ ರಾತ್ರಿ ದೀಪ ಹಚ್ಚಿದ ಮೇಲೆ
ನಾವೇ ಕಾಗದ ಹಿಡಿದು ಹೊರಡುತ್ತಿದ್ದೆವು.
ನಿಮ್ಮದು ನಮ್ಮಲ್ಲಿ, ನಮ್ಮದು ನಿಮ್ಮಲ್ಲಿ.
ಗೋಮಾಳದ ಜಗಳದಲ್ಲಿ ಮುಖ ಕೆಡಿಸಿಕೊಂಡವರೂ
ಕರೆಂಟು ಬಿಲ್ಲಿಗಾಗಿ ಕದ ತಟ್ಟಲೇಬೇಕಾಯಿತು.
ಒಳಗೆ ಬನ್ನಿ, ಕಾಫಿ ಇದೆ.
ಹಾನುಸನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ.
ದಯೆ ಅಂದುಕೊಂಡಿದ್ದೆ.
ಈಗ ಅನಿಸುತ್ತದೆ: ಅವನಿಗೆ ಕತ್ತಲಿನ ಭಯ,
ನಮಗೆ ಅವನ ಬಾಯಿಯ ಭಯ.

ಮರ್ಯುನಳ ತಂಗಿ ಡೆನ್ಮಾರ್ಕಿನಿಂದ ಬರೆದಳು,
ಹದಿನಾರು ವರ್ಷದ ಮುನಿಸಿನ ನಂತರ ನಾಲ್ಕು ಸಾಲು:
ಗುರುವಾರದ ದೋಣಿಗೆ ಬರುತ್ತೇನೆ.
ನೀನು ದಕ್ಕೆಯ ಮೇಲೆ ನಿಂತಿದ್ದರೆ ಇಳಿಯುತ್ತೇನೆ.
ಆ ಕಾಗದ ಬಾರ್ದುರನ ಕದದ ಸಂದಿಯೊಳಗೆ ಬಿತ್ತು.
ಬಾರ್ದುರ್ ಮೀನಿಗೆ ಹೋಗಿದ್ದ, ಹತ್ತೊಂಬತ್ತು ದಿನ.

ಗುರುವಾರ ದಕ್ಕೆಯ ಮೇಲಿದ್ದವನು ಹಾನುಸ್,
ಟಪಾಲು ಚೀಲ ಇಳಿಸಿಕೊಳ್ಳಲು.
ಕಟಕಟೆಗೆ ಒರಗಿ ಅವಳು ಕೈಬೀಸಿದಳಂತೆ,
ಬಾಲ್ಯದಲ್ಲಿ ಕಂಡ ಮುಖ, ಒಂದಾದರೂ ಸಿಕ್ಕಿತಲ್ಲ ಎಂದು.
ಹಾನುಸ್ ಮುಖ ತಿರುಗಿಸಿದ.

ನೋಡಲೆಂದೇ ತಿರುಗಿಸಿದ.
ಕಣ್ಣಿನ ಅಂಚಿಗೆ ಅವಳನ್ನು ತಂದುಕೊಳ್ಳಲೆಂದು.
ಅಷ್ಟರಲ್ಲಿ ಅವಳು ಒಳಗೆ ಹೋಗಿ ಕೂತಿದ್ದಳು.
ದೋಣಿ ಅವಳನ್ನು ಹಾಗೇ ವಾಪಸ್ಸು ಒಯ್ದಿತು.

ಆಮೇಲೆ ಹಾನುಸ್ ಚೀಲ ಕೆಳಗಿಟ್ಟ.
ಮರ್ಯುನ್ ಅವನನ್ನು ಬೈಯಲಿಲ್ಲ, ಅದೇ ಕಷ್ಟವಾಯಿತು.
ಒಂದು ದಿನ ಬೇಲಿಯ ಹತ್ತಿರ, ನನ್ನ ಎಡಕ್ಕೆಲ್ಲೋ ನೋಡುತ್ತ ಅಂದ:
‘ಹುಡುಗಿ, ಈಗ ನಿನ್ನ ಮೂಗು ಕಾಣುತ್ತಿದೆ.’

ಇದೆಲ್ಲ ಇವತ್ತು ಯಾಕೆ ನೆನಪಾಯಿತೆಂದರೆ
ನನ್ನ ಬಲಗೈ ನಡುಗಲು ಶುರುವಾಗಿ ಏಳು ತಿಂಗಳು.
ಜೇಬಿನಲ್ಲಿಟ್ಟುಕೊಂಡು ತಿರುಗುತ್ತೇನೆ,
ಕದ್ದ ಹಕ್ಕಿಮರಿಯ ಹಾಗೆ.
ಮಧ್ಯಾಹ್ನ ಸುನ್ನಿವಾ ಬಂದಿದ್ದಳು. ಕಾಫಿ ತುಳುಕಿತು.
ಕೊಡು ಇಲ್ಲಿ, ನಾನು ಬಗ್ಗಿಸುತ್ತೇನೆ, ಅಂದಳು,
ಬೇರೇನೂ ಕೇಳಲಿಲ್ಲ.
‘ನಿನಗ್ಯಾಕೆ ಉಸಾಬರಿ?’
ಮಾತು ನನ್ನ ಬಾಯಿಂದ ಬಂತು, ದನಿ ಅವನದು,
ಆ ಏರುದಾರಿಯ ಗಾಳಿಯ ಸಮೇತ.

ಅವಳು ಕೋಟು ಹಾಕಿಕೊಂಡು ಹೋದಳು.
ಕಪ್ಪು ಅಲ್ಲೇ ಇದೆ, ತಟ್ಟೆಯಲ್ಲಿ ಕಾಫಿಯ ಕೆರೆ.
ಗಂಟಲಲ್ಲೊಂದು ಕಾಗದ, ಬಹಳ ದಿನದ್ದು.
ಅದು ಯಾವ ಮನೆಯದೆಂದು ನನಗೆ ಚೆನ್ನಾಗಿ ಗೊತ್ತು,
ನನ್ನ ಕಣ್ಣಿಗೇನೂ ಆಗಿಲ್ಲ.

ಹೊರಗೆ ಕತ್ತಲಾಗುತ್ತಿದೆ.
ಬೂಟಿನ ಲೇಸು ಕಟ್ಟಲು ಈ ಕೈಗೆ
ಇನ್ನೂ ಎಷ್ಟು ಹೊತ್ತು ಬೇಕೋ.